ಅಂಗಳದಲ್ಲಿ ಮಾರಿದ ಗಡಿಯಾರ, ಅಂಗಡಿಯಲ್ಲಿ ಕೊಂಡ ಗಡಿಯಾರ



ಅಡಿಕೆಗೆ ನಾಲ್ಕು ಕಾಸು ಹೆಚ್ಚು ಬಂದ ವರ್ಷಗಳಲ್ಲಿ ನಮ್ಮ ಕಡೆ ಮನೆ ಕಟ್ಟುವ ಕೆಲಸ ಜೋರಾಗುತ್ತದೆ. ಅದು ತಪ್ಪಲ್ಲ. ಸೋರುವ ಮಾಡಿನ ಕೆಳಗೆ ನಾಲ್ಕು ತಿಂಗಳ ಮಳೆ ಕಳೆದವರಿಗೆ ತಾರಸಿ ಮನೆಯ ಸುಖ ಏನೆಂದು ಗೊತ್ತು. ಆದರೆ ಈಚೆಗೆ ಗೃಹಪ್ರವೇಶದ ಊಟಕ್ಕೆ ಹೋದಲ್ಲೆಲ್ಲ ನಾವು ಒಂದು ಸಂಗತಿಯನ್ನು ಗಮನಿಸುತ್ತಿದ್ದೇವೆ. ಕುಂದಾಪುರವಿರಲಿ, ಬೈಂದೂರಿರಲಿ, ಬ್ರಹ್ಮಾವರವಿರಲಿ, ಗ್ರಾನೈಟು ಹಾಸಿದ ಹೊಸ ಚಾವಡಿಯ ಗೋಡೆಯಲ್ಲಿ ಒಂದು ಹಳೆಯ ಲೋಲಕದ ಗಡಿಯಾರ ನೇತಾಡುತ್ತಿರುತ್ತದೆ. ಕೆಲವು ಕಡೆ ಅದರ ಪಕ್ಕದಲ್ಲಿ ಹಿತ್ತಾಳೆ ಅಂಚಿನ ವಾಯುಭಾರ ಮಾಪಕವೂ ಇರುತ್ತದೆ. ವಿಚಾರಿಸಿದರೆ, ಬೆಂಗಳೂರಿನ ಹಳೆ ಸಾಮಾನಿನ ವ್ಯಾಪಾರಿಯಿಂದ ತರಿಸಿದ್ದು, ಮುಂಬಯಿಯ ಚೋರ್ ಬಜಾರಿನದ್ದು ಎಂದು ಯಜಮಾನರು ಸಂತೋಷದಿಂದ ಹೇಳುತ್ತಾರೆ.

ಅವರ ಸಂತೋಷಕ್ಕೆ ಕಲ್ಲು ಹಾಕುವುದು ನಮ್ಮ ಉದ್ದೇಶವಲ್ಲ. ಆದರೆ ಅದೇ ಮನೆಯ ಹಳೆಯ ಚಾವಡಿಯಲ್ಲಿ ಅಂಥದ್ದೇ ಗಡಿಯಾರವೊಂದು ಇತ್ತೆಂಬುದು ನಮಗೆ ನೆನಪಿದೆ. ಅದು ಎಲ್ಲಿ ಹೋಯಿತು, ಎಷ್ಟಕ್ಕೆ ಹೋಯಿತು ಎಂದು ಕೇಳುವ ಧೈರ್ಯ ನಮಗಾಗುವುದಿಲ್ಲ. ಏಕೆಂದರೆ ಆ ತಪ್ಪನ್ನು ನಾವೂ ಮಾಡಿದವರೇ.

ನಮ್ಮ ಹಳೆ ಮನೆಯನ್ನು ಬಿಚ್ಚಿಸಿ ಈಗ ಇಪ್ಪತ್ತೈದು ವರ್ಷಗಳಾದವು. ಮುಂಬಯಿಯ ಹೋಟೆಲಿನಲ್ಲಿ ದುಡಿದು ಬಂದ ನಮ್ಮ ದೊಡ್ಡಜ್ಜ ತಂದ ಗಡಿಯಾರವೊಂದು ಆ ಮನೆಯಲ್ಲಿತ್ತು. ಎಂಟು ದಿನಕ್ಕೊಮ್ಮೆ, ಶನಿವಾರ ಸಂಜೆ ದೀಪ ಹಚ್ಚಿದ ಮೇಲೆ, ಅದಕ್ಕೆ ಕೀಲಿ ಕೊಡುವುದು ಮನೆಯ ಹಿರಿಯರ ಹಕ್ಕು. ಮನೆ ಬಿಚ್ಚುವಾಗ ಅದು ನಿಂತು ಬಹಳ ಕಾಲವಾಗಿತ್ತು. ಸ್ಕೂಟರಿನಲ್ಲಿ ಬಂದ ಒಬ್ಬ ವ್ಯಾಪಾರಿ ಅಂಗಳದಲ್ಲೇ ನಿಂತು, ತಾಮ್ರದ ಹಂಡೆಯ ಲೆಕ್ಕ ಮುಗಿಸಿದ ಮೇಲೆ, ಗಡಿಯಾರಕ್ಕೆ 250 ರೂಪಾಯಿ ಎಂದ. ನಡೆಯದ ಗಡಿಯಾರಕ್ಕೆ ಅಷ್ಟು ಸಿಕ್ಕಿತಲ್ಲ ಎಂದು ನಾವು ಕೊಟ್ಟೆವು.

ಎರಡು ವರ್ಷಗಳ ಹಿಂದೆ, ಮಕ್ಕಳ ಒತ್ತಾಯಕ್ಕೆ, ದೂರದ ಪೇಟೆಯೊಂದರ ಹಳೆ ಗಡಿಯಾರದ ಅಂಗಡಿಗೆ ಹೋದೆವು. ದೊಡ್ಡಜ್ಜನದ್ದೇ ಮಾದರಿಯದ್ದು ಅಲ್ಲಿತ್ತು. ಬೆಲೆ 22,000 ರೂಪಾಯಿ. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ. ತಂದು ತೂಗುಹಾಕಿದೆವು. ಹನ್ನೊಂದು ದಿನ ನಡೆಯಿತು, ಆಷಾಢದ ಮಳೆಗೆ ನಿಂತಿತು. ಊರಿನ ಹಳೆಯ ರಿಪೇರಿಯವರೊಬ್ಬರು ಹಿಂಬದಿಯ ಹಲಗೆ ಬಿಚ್ಚಿ ನೋಡಿ ನಕ್ಕರು. "ಪೆಟ್ಗಿ ಅಜ್ಜಂದ್, ಮಿಶನ್ ಮೊಮ್ಮಗಂದ್ ಮಾರಾಯ್ರೆ. ಬಿಲ್ಲಲ್ಲ್ ಎಂತ ಬರ್ದಿದ್ರ್?" ಎಂದು ಕೇಳಿದರು. ಬಿಲ್ಲಿನಲ್ಲಿ 'ಒಂದು ಗೋಡೆ ಗಡಿಯಾರ' ಎಂದಿಷ್ಟೇ ಇತ್ತು. ಹೆಚ್ಚಿನದನ್ನು ನಾವು ಕೇಳಿಯೂ ಇರಲಿಲ್ಲ.

ಹೀಗೆ ಮಾರುವಾಗಲೂ ಕೊಳ್ಳುವಾಗಲೂ ನಷ್ಟ ನಮ್ಮದೇ ಆಯಿತು. ಇದರಲ್ಲಿ ವ್ಯಾಪಾರಿಯ ಪಾಲಿಗಿಂತ ನಮ್ಮ ಅಜ್ಞಾನದ ಪಾಲೇ ದೊಡ್ಡದೆಂದು ಈಗ ಅನ್ನಿಸುತ್ತದೆ. ಆದುದರಿಂದ ಈ ಅನುಭವವನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಮೊದಲು ಈ ಗಡಿಯಾರಗಳು ಏನೆಂಬುದನ್ನು ತಿಳಿಯೋಣ. ನಮ್ಮ ಸೀಮೆಯ ಮನೆಗಳಲ್ಲಿದ್ದವು ಅರಮನೆಯ ಸಾಮಾನುಗಳಲ್ಲ, ಕಾರ್ಖಾನೆಯಲ್ಲಿ ರಾಶಿರಾಶಿಯಾಗಿ ತಯಾರಾದವು. ಅಮೆರಿಕದ ಆನ್ಸೋನಿಯ ಮತ್ತು ಸೆಥ್ ಥಾಮಸ್, ಜರ್ಮನಿಯ ಯುಂಗ್‌ಹಾನ್ಸ್, ಜಪಾನಿನ ಸೈಕೋಶ, ಇವು ಹೆಸರಾದವು. ಯುಂಗ್‌ಹಾನ್ಸ್ ಶುರುವಾದದ್ದು 1861ರಲ್ಲಿ, ಸೈಕೋಶ 1892ರಲ್ಲಿ. ಆನ್ಸೋನಿಯದ ನ್ಯೂಯಾರ್ಕ್ ಕಾರ್ಖಾನೆ 1929ರ ಹೊತ್ತಿಗೆ ಮುಚ್ಚಿ, ಅದರ ಯಂತ್ರೋಪಕರಣಗಳು ರಷ್ಯಕ್ಕೆ ಮಾರಾಟವಾದವು. ಗಂಗೊಳ್ಳಿ, ಹಂಗಾರಕಟ್ಟೆಗಳಿಂದ ಮುಂಬಯಿಗೆ ಮಂಜಿಗಳು ಓಡಾಡುತ್ತಿದ್ದ ಕಾಲದಲ್ಲಿ, ಹೋಟೆಲ್ ಕೆಲಸಕ್ಕೆ ಹೋದ ನಮ್ಮವರು ನಾಲ್ಕು ಕಾಸು ಕೂಡಿಸಿ ಊರಿಗೆ ತಂದ ಮೊದಲ ಬೆಲೆಬಾಳುವ ವಸ್ತು ಅನೇಕ ಮನೆಗಳಲ್ಲಿ ಗಡಿಯಾರವೇ ಆಗಿತ್ತು.

ಅವು ಹೊರಗೆ ಹೋದದ್ದಕ್ಕೂ ಕಾರಣಗಳಿವೆ. 1974ರ ಭೂಸುಧಾರಣೆಯ ಅನಂತರ ಎಷ್ಟೋ ದೊಡ್ಡ ಮನೆಗಳಿಗೆ ಗೇಣಿಯ ಆದಾಯ ನಿಂತಿತು. ಆ ಸುಧಾರಣೆಯಿಂದಲೇ ನಮ್ಮಲ್ಲಿ ಬಹುಮಂದಿ ಇಂದು ತೋಟದ ಒಡೆಯರಾಗಿದ್ದೇವೆ ಎಂಬುದನ್ನು ಮರೆಯುವಂತಿಲ್ಲ. ಆದರೆ ದೊಡ್ಡ ಮನೆಗಳನ್ನು ಸಾಕುವುದು ಕಷ್ಟವಾಯಿತು. ಪಾಲುಪಟ್ಟಿಯಾಯಿತು. ಮಕ್ಕಳು ಬೆಂಗಳೂರಿಗೆ, ಪರದೇಶಕ್ಕೆ ಹೋದರು. ಕೆತ್ತನೆಯ ಕಂಬಗಳು ಮರದ ಲೆಕ್ಕದಲ್ಲಿ ಮಾರಾಟವಾದವು. ಹೀಗೆ ಬಿಚ್ಚಿಹೋಗುತ್ತಿದ್ದ ಮನೆಗಳನ್ನು ಕಂಡು ಮರುಗಿದ ವಿಜಯನಾಥ ಶೆಣೈಯವರು ಅವುಗಳಲ್ಲಿ ಕೆಲವನ್ನು ತಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ನಮ್ಮ ಹರ್ಕೂರಿನ ಮನೆಯೂ ಅಲ್ಲಿದೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಆದರೆ ಒಬ್ಬರು ಎಷ್ಟು ಉಳಿಸಿಯಾರು? ಉಳಿದದ್ದು ಅಂಗಳದಿಂದಲೇ ಹೋಯಿತು.

ಅಂಗಳದ ವ್ಯಾಪಾರ ಎಂದರೆ ಏನೆಂದು ಅಡಿಕೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವ್ಯಾಪಾರಿ ಬಂದು ಗೋಣಿಯೊಳಗೆ ಕೈಹಾಕಿ, ಇದು ಪಟೋರ, ಇದು ಉಳ್ಳಿ, ಇದು ಕರಿಗೋಟು ಎಂದು ತಾನೇ ವಿಂಗಡಿಸಿ, ತಾನೇ ಧಾರಣೆ ಹೇಳಿ, ತಾನೇ ತೂಗಿ ಒಯ್ಯುವ ಕಾಲವೊಂದಿತ್ತು. ಮಾರುವವನಿಗೆ ಪೇಟೆಯ ಧಾರಣೆ ಗೊತ್ತಿರಲಿಲ್ಲ, ಕೊಳ್ಳುವವನಿಗೆ ಗೊತ್ತಿತ್ತು. ಆ ಅನ್ಯಾಯ ತಪ್ಪಬೇಕೆಂದೇ ಘಟ್ಟದ ಮೇಲೆ ಮಾಮ್‌ಕೋಸ್, ಶಿರಸಿಯಲ್ಲಿ ತೋಟಗಾರ್ಸ್, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದವು. ಅಡಿಕೆಯ ವಿಷಯದಲ್ಲಿ ನಾವು ಅಂಗಳದಿಂದ ಹೊರಗೆ ಬಂದು ಐವತ್ತು ವರ್ಷಗಳ ಮೇಲಾಯಿತು. ಮನೆಯ ಹಳೆ ಸಾಮಾನಿನ ವಿಷಯದಲ್ಲಿ ಮಾತ್ರ ಇನ್ನೂ ಅದೇ ಅಂಗಳದಲ್ಲಿ ನಿಂತಿದ್ದೇವೆ. ನಮ್ಮ ಮಾತಿನ ತಿರುಳು ಇಷ್ಟೇ.

ಇನ್ನು ಕೊಳ್ಳುವವರಿಗೆ ಕೆಲವು ಮಾತು.

ಹಳೆಯ ಚಾಲಿಗೆ ಹೊಸ ಚಾಲಿಗಿಂತ ಬೆಲೆ ಹೆಚ್ಚು. ಆದರೆ ಹುಳ ಹಿಡಿದ ಹಳೆ ಅಡಿಕೆಗೆ ಯಾರೂ ಹೆಚ್ಚು ಕೊಡುವುದಿಲ್ಲ. ಗಡಿಯಾರವೂ ಹಾಗೆಯೇ. ಬರೇ ಹಳೆಯದೆಂದು ಬೆಲೆಯಲ್ಲ. ಪೆಟ್ಟಿಗೆ, ಮುಖಫಲಕ, ಯಂತ್ರ, ಲೋಲಕ, ಈ ನಾಲ್ಕೂ ಒಂದೇ ಗಡಿಯಾರದವಾಗಿ ಉಳಿದು ಬಂದಿದ್ದರೆ ಬೆಲೆ. ಮೊದಲು ಹಿಂಬದಿಯ ಹಲಗೆಯನ್ನು ನೋಡಬೇಕು. ಯಂತ್ರ ಕೂರಿಸಿದ ಜಾಗದ ಪಕ್ಕದಲ್ಲಿ ಬೇರೆ ಹಳೆಯ ತೂತುಗಳಿದ್ದರೆ ಅಲ್ಲಿ ಮೊದಲು ಬೇರೊಂದು ಯಂತ್ರ ಇತ್ತೆಂದು ಅರ್ಥ. ತಿರುಪಿನ ತಲೆಯಲ್ಲಿ ಒಂದೇ ಗೀಟಿನ ಬದಲು ಕೂಡಿಸುವ ಗುರುತಿನಂಥ ಕಚ್ಚು ಇದ್ದರೆ ಅದು 1930ರ ದಶಕಕ್ಕಿಂತ ಹಿಂದಿನ ತಿರುಪಲ್ಲ. ಕೀಲಿ ಕೊಡುವ ಎರಡು ತೂತುಗಳು, ಒಂದು ನಡೆಯಲಿಕ್ಕೆ, ಒಂದು ಗಂಟೆ ಹೊಡೆಯಲಿಕ್ಕೆ, ಮುಖಫಲಕದ ತೂತುಗಳಿಗೆ ಸರಿಯಾಗಿ ಕೂಡಬೇಕು. ಕಾಗದದ ಮುಖಫಲಕ ಅಚ್ಚ ಬೆಳ್ಳಗಿದ್ದು ಅಕ್ಷರಗಳು ಮಿರಮಿರ ಮಿಂಚುತ್ತಿದ್ದರೆ ಅದು ಮೊನ್ನೆ ಅಚ್ಚು ಹಾಕಿಸಿದ್ದು. ಹೊಸ ಫಲಕ ಹಾಕಿದ್ದು ಅಪರಾಧವಲ್ಲ, ಹಾಕಿದ್ದನ್ನು ಹೇಳದಿರುವುದು ತಪ್ಪು.

ಅಂಗಡಿಯಲ್ಲಿ ಹತ್ತು ನಿಮಿಷ ನಡೆದದ್ದನ್ನು ನೋಡಿ ನಂಬಬಾರದು. ಎಂಟು ದಿನದ ಗಡಿಯಾರವೆಂದರೆ ಎಂಟು ದಿನ ನಡೆಯಬೇಕು. ಕೀಲಿಯ ಮೊದಲ ದಿನ ಮುನ್ನುಗ್ಗಿ ಆರನೆಯ ದಿನ ಸೋಲುವ ಗಡಿಯಾರದ ಒಳಗೆ ಸವಕಳಿ ಇದೆ, ಇಲ್ಲವೆ ಮುಖ್ಯ ಸ್ಪ್ರಿಂಗು ಸತ್ತಿದೆ. ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ ಸ್ಪ್ರಿಂಗಿಗೆ ತುಕ್ಕು ತರುತ್ತವೆ, ಪೆಟ್ಟಿಗೆಯ ಅಂಟು ಬಿಡಿಸುತ್ತವೆ, ಗೋಡೆಯ ಥಂಡಿ ಹಿಂಬದಿಯ ಹಲಗೆಗೆ ಗೆದ್ದಲನ್ನು ಕರೆಯುತ್ತದೆ. ಒಣಹವೆಯ ಊರಿನಲ್ಲಿ ಸರಿಯಾಗಿ ನಡೆದದ್ದು ಇಲ್ಲಿ ನಿಂತರೆ ಆಶ್ಚರ್ಯವಿಲ್ಲ. ಗೋಡೆಗೂ ಪೆಟ್ಟಿಗೆಗೂ ನಡುವೆ ಗಾಳಿಯಾಡುವಷ್ಟು ಸಂದು ಬಿಡಬೇಕು. ನೇರವಾಗಿ ತೂಗುಹಾಕಬೇಕು, ಟಿಕ್ ಮತ್ತು ಟಕ್ ನಡುವಿನ ಅಂತರ ಕಿವಿಗೆ ಸಮನಾಗಿ ಕೇಳಬೇಕು, ಕುಂಟಬಾರದು. ಗಡಿಯಾರ ಮುಂದೆ ಹೋದರೆ ಲೋಲಕದ ಗುಂಡನ್ನು ಕೆಳಗಿಳಿಸಬೇಕು, ಹಿಂದೆ ಬಿದ್ದರೆ ಮೇಲೇರಿಸಬೇಕು. ತೆಂಗಿನೆಣ್ಣೆ ಬಿಡುವ ಅಭ್ಯಾಸ ಮಾತ್ರ ದಯವಿಟ್ಟು ಬೇಡ. ಅದು ಅಂಟಾಗಿ, ಧೂಳನ್ನು ಹಿಡಿದು, ಹಿತ್ತಾಳೆಯನ್ನು ಅರಗೊರಸಿನಂತೆ ತಿನ್ನುತ್ತದೆ. ನಮ್ಮ ಹಿರಿಯರ ಅನೇಕ ಗಡಿಯಾರಗಳನ್ನು ಕೊಂದದ್ದು ಈ ಪ್ರೀತಿಯೇ.

ವಾಯುಭಾರ ಮಾಪಕದ ಮಾತು ಬೇರೆ. ಗಡಿಯಾರವನ್ನು ಚಂದಕ್ಕೆಂದು ಕೊಳ್ಳುತ್ತಾರೆ. ಇದನ್ನು ಉಪಯೋಗಕ್ಕೆಂದು ಕೊಳ್ಳುತ್ತಾರೆ. ಬೋರ್ಡೋ ದ್ರಾವಣ ಹೊಡೆಯುವವನಿಗೆ ಮಳೆ ಯಾವಾಗ ಬಿಟ್ಟೀತು ಎಂಬುದೇ ಚಿಂತೆ. ಹೊಡೆದು ಮುಗಿಸಿ ಏಣಿ ಇಳಿಯುವಷ್ಟರಲ್ಲಿ ಮಳೆ ಬಂದರೆ ಮೈಲುತುತ್ತಿನ ದುಡ್ಡೂ ಹೋಯಿತು, ಕೊನೆಗಾರನ ಸಂಬಳವೂ ಹೋಯಿತು. ಮುಳ್ಳು ನೋಡಿ ಮಳೆ ಹೇಳಬಹುದೆಂದು ಅಂಗಡಿಯವರು ಹೇಳಿದರೆ ಯಾವ ಬೆಳೆಗಾರನ ಮನಸ್ಸಾದರೂ ಸೋಲುತ್ತದೆ.

ಆದರೆ ಆ ಮುಳ್ಳು ಹುಟ್ಟಿದ್ದು ಇಂಗ್ಲೆಂಡಿನ ಹವೆಗೆ. 1643ರಲ್ಲಿ ಇಟಲಿಯ ಟೊರಿಚೆಲ್ಲಿ ಪಾದರಸದ ನಳಿಕೆಯಿಂದ ಗಾಳಿಯ ಭಾರವನ್ನು ಅಳೆದು ತೋರಿಸಿದ. 1844ರಲ್ಲಿ ಫ್ರಾನ್ಸಿನ ವಿದಿ ಎಂಬವನು ಪಾದರಸವಿಲ್ಲದೆ, ಗಾಳಿ ತೆಗೆದ ಲೋಹದ ಡಬ್ಬಿಯಿಂದ ಅಳೆಯುವ ಉಪಾಯ ಕಂಡುಹಿಡಿದ. ಗೋಡೆಯ ಗುಂಡು ಮಾಪಕಗಳಲ್ಲಿ ಹೆಚ್ಚಿನವು ಈ ಜಾತಿಯವು. ಅವುಗಳ ಫಲಕದ ಮೇಲೆ 28 ಅಂಗುಲಕ್ಕೆ ಬಿರುಗಾಳಿ, 29ಕ್ಕೆ ಮಳೆ, 30ಕ್ಕೆ ಒಳ್ಳೆ ಹವೆ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಅಲ್ಲಿ ಚಳಿಗಾಲದ ಬಿರುಗಾಳಿಗೆ ಮುಳ್ಳು ಒಂದು ಅಂಗುಲಕ್ಕೂ ಮಿಕ್ಕಿ ಬೀಳುತ್ತದೆ. ನಮ್ಮ ಕರಾವಳಿಯಲ್ಲಿ ಜನವರಿಯ ಬಿಸಿಲಿಗೂ ಜುಲೈಯ ಜಡಿಮಳೆಗೂ ನಡುವಿನ ವ್ಯತ್ಯಾಸ ಕೆಲವೇ ಮಿಲಿಬಾರ್, ಅಂದರೆ ಅಂಗುಲದ ಹತ್ತನೆಯ ಒಂದೆರಡು ಪಾಲು. ಅಷ್ಟೇ ಅಲ್ಲ, ಬೆಳಿಗ್ಗೆ ಸುಮಾರು 10 ಗಂಟೆಗೆ ಏರಿ, ಸಂಜೆ 4ಕ್ಕೆ ಇಳಿದು, ರಾತ್ರಿ 10ಕ್ಕೆ ಮತ್ತೆ ಏರಿ, ಬೆಳಗಿನ ಜಾವ 4ಕ್ಕೆ ಇಳಿಯುವುದು ನಮ್ಮ ಸೀಮೆಯ ವಾಯುಭಾರದ ನಿತ್ಯದ ನಡೆ. ಈ ಏರಿಳಿತವೇ ಮೂರು ನಾಲ್ಕು ಮಿಲಿಬಾರ್ ಆಗುತ್ತದೆ. ಇದು ತಿಳಿಯದವನಿಗೆ ಮಾಪಕ ದಿನವೂ ಸಂಜೆ ಮಳೆ ಬರುತ್ತದೆಂದು ಹೇಳಿದಂತೆ ಕಾಣುತ್ತದೆ. ಆಷಾಢದಲ್ಲಿ ಅಷ್ಟನ್ನು ಹೇಳಲು ಮಾಪಕ ಬೇಕೆ?

ಘಟ್ಟದ ಮೇಲಿನ ನಮ್ಮ ಕಾಫಿ ಬೆಳೆಗಾರ ಸದಸ್ಯರು ಇನ್ನೊಂದು ಮಾತು ತಿಳಿಯಬೇಕು. ನೂರು ಮೀಟರ್ ಮೇಲೆ ಹೋದಂತೆ ವಾಯುಭಾರ ಸುಮಾರು ಹನ್ನೊಂದು ಮಿಲಿಬಾರ್, ಅಂದರೆ ಅಂಗುಲದ ಮೂರನೆಯ ಒಂದು ಪಾಲು, ಕಡಿಮೆಯಾಗುತ್ತದೆ. 900 ಮೀಟರ್ ಎತ್ತರದ ತೋಟದಲ್ಲಿ ಅದು 27 ಅಂಗುಲದ ಆಸುಪಾಸಿಗೆ ಬಂದಿರುತ್ತದೆ. ಸಮುದ್ರಮಟ್ಟಕ್ಕೆ ಹೊಂದಿಸಿದ ಮಾಪಕವನ್ನು ಅಲ್ಲಿ ತೂಗುಹಾಕಿದರೆ ಹೂಮಳೆಗೆ ಕಾದು ಆಕಾಶ ನೋಡುವ ಮಾರ್ಚಿಯಲ್ಲೂ ಮುಳ್ಳು ಬಿರುಗಾಳಿಗಿಂತ ಕೆಳಗೆ ಬಿದ್ದಿರುತ್ತದೆ. ಹಿಂಬದಿಯ ತಿರುಪಿನಿಂದ ಸ್ವಲ್ಪ ಸರಿಪಡಿಸಬಹುದು. ಅಷ್ಟು ಎತ್ತರಕ್ಕೆ ಎಲ್ಲ ಮಾಪಕಗಳೂ ಬಗ್ಗುವುದಿಲ್ಲ. ಯಾವ ಎತ್ತರದವರೆಗೆ ಹೊಂದಿಸಬಹುದೆಂದು ಕೇಳಿಯೇ ಕೊಳ್ಳಬೇಕು.

ಹಾಗಾದರೆ ಅದು ವ್ಯರ್ಥವೇ? ಅಲ್ಲ. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತವಾಗಿ ಚಂಡಮಾರುತ ಹತ್ತಿರ ಬಂದಾಗ, ದಿನದ ಏರಿಳಿತವನ್ನು ಮೀರಿ ಮುಳ್ಳು ಬೀಳುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ತೀರವನ್ನು ಸವರಿಕೊಂಡು ಹೋದಂಥ ದಿನಗಳಲ್ಲಿ ಅದು ಸುಳ್ಳು ಹೇಳುವುದಿಲ್ಲ. ದಿನವೂ ಒಂದೇ ಹೊತ್ತಿಗೆ ನೋಡಿ ಪುಸ್ತಕದಲ್ಲಿ ಬರೆದಿಡುವವನಿಗೆ ಮಾತ್ರ ಅದು ಅರ್ಥವಾಗುತ್ತದೆ. ಆದರೆ ತೋಟಕ್ಕೆ ಬೇಕಾದದ್ದು ಮೊದಲು ಮಳೆಮಾಪಕ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು ಎಂಬ ಲೆಕ್ಕ ಯಾರಿಗೂ ತಿಳಿಯುತ್ತದೆ, ಮಾಪಕದ ಬೆಲೆಯೂ ಕಡಿಮೆ. ಮಳೆಯ ಮುನ್ಸೂಚನೆಗೆ ಹವಾಮಾನ ಇಲಾಖೆಯ ಪ್ರಕಟಣೆಯಿದೆ. ಇವೆರಡೂ ಆದ ಮೇಲೆ ಉಳಿದ ದುಡ್ಡಿಗೆ ಹಿತ್ತಾಳೆಯ ಮಾಪಕವನ್ನು ಧಾರಾಳವಾಗಿ ಕೊಳ್ಳಿ.

ಪಾದರಸದ ಹಳೆಯ ಉದ್ದ ಮಾಪಕ ಮಾತ್ರ ಮಕ್ಕಳಿರುವ ಮನೆಗೆ ಬೇಡವೆಂದೇ ನಮ್ಮ ಸಲಹೆ. ಒಡೆದರೆ ಪಾದರಸ ನೆಲದ ಸಂದುಗಳಲ್ಲಿ ಹೊಕ್ಕು ಆವಿಯಾಗುತ್ತಾ ಇರುತ್ತದೆ. ಆ ಆವಿ ವಿಷ. ಅಂಥದ್ದನ್ನು ಅಡ್ಡ ಮಲಗಿಸಿ ಬಸ್ಸಿನಲ್ಲಿ ತರುವ ಸಾಹಸವಂತೂ ಕೂಡದು.

ಕಾನೂನಿನ ಮಾತೂ ಇದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆ 1976ರಿಂದ ಜಾರಿಯಲ್ಲಿದೆ. ಅದರಂತೆ ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಅಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಪರದೇಶದಲ್ಲಿರುವ ಮಗಳಿಗೆ ಅಜ್ಜನ ಗಡಿಯಾರ ಕೊಡಬೇಕೆಂದಿದ್ದರೆ, ಅದು ಪ್ರಾಚ್ಯವಸ್ತು ಅಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲು ಪಡೆಯುವುದು ಕ್ಷೇಮ. ವಿಮಾನ ನಿಲ್ದಾಣದಲ್ಲಿ ಕಣ್ಣೀರು ಹಾಕಿ ಪ್ರಯೋಜನವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹಳೆ ಸಾಮಾನಿನ ವ್ಯಾಪಾರಿಗಳೆಲ್ಲ ಮೋಸಗಾರರೆಂದು ಯಾರೂ ತಿಳಿಯಬಾರದು. ಗಡಿಯಾರವನ್ನೇ ಕಸುಬು ಮಾಡಿಕೊಂಡವನು ಹಳೆಯ ಯಂತ್ರವನ್ನು ಬಿಚ್ಚಿ, ತೊಳೆದು, ಸವೆದ ತೂತುಗಳಿಗೆ ಹೊಸ ಹಿತ್ತಾಳೆ ಕೂರಿಸಿ, ವಾರಗಟ್ಟಲೆ ನಡೆಸಿ ನೋಡಿ ಮಾರುತ್ತಾನೆ. ಆ ದುಡಿಮೆಗೆ ಬೆಲೆ ಕೊಡಲೇಬೇಕು. 250 ರೂಪಾಯಿಯ ಗಡಿಯಾರಕ್ಕೆ 22,000 ಕೇಳಿದನೆಂದು ಕೂಗುವವರು, ಆ ನಡುವೆ ಅವನು ಏನು ಮಾಡಿದ್ದಾನೆಂದು ಕೇಳಬೇಕು. ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು: ತಯಾರಕ ಯಾರು, ಸುಮಾರು ಯಾವ ಕಾಲದ್ದು, ಯಾವ ಭಾಗ ಮೂಲದ್ದು, ಯಾವುದು ಬದಲಾದದ್ದು, ಎಷ್ಟು ತಿಂಗಳ ಜವಾಬ್ದಾರಿ. ಬರೆದುಕೊಡುವ ವ್ಯಾಪಾರಿ ನಾಲ್ಕು ಸಾವಿರ ಹೆಚ್ಚು ಕೇಳಿದರೂ ಅವನಲ್ಲೇ ಕೊಳ್ಳಿ. ಬಾಯಿಮಾತಿನಲ್ಲಿ ಅಮೆರಿಕ, ಜರ್ಮನಿ ಎಂದು ಹೇಳಿ ಬಿಲ್ಲಿನಲ್ಲಿ 'ಗೋಡೆ ಗಡಿಯಾರ' ಎಂದು ಬರೆಯುವವನನ್ನು ನಮಸ್ಕಾರ ಹೇಳಿ ಬಿಟ್ಟುಬಿಡಿ.

ಕೊನೆಯದಾಗಿ ನಮ್ಮ ಸಂಘಕ್ಕೊಂದು ಸಲಹೆ. ಚಿನ್ನದ ಮೇಲೆ ಸಾಲ ಕೊಡುವಾಗ ಸಂಘ ಸರಾಫರಿಂದ ಪರೀಕ್ಷೆ ಮಾಡಿಸುತ್ತದೆ. ಬಂಗಾರ ತಂದವನ ಮಾತನ್ನೂ ನಂಬುವುದಿಲ್ಲ, ಕೊಳ್ಳುವವನ ಮಾತನ್ನೂ ನಂಬುವುದಿಲ್ಲ. ಹಾಗೆಯೇ ವರ್ಷಕ್ಕೊಮ್ಮೆ, ಮಹಾಸಭೆಯ ದಿನ, ಊರಿನ ಗಡಿಯಾರ ರಿಪೇರಿಯವರೊಬ್ಬರನ್ನು ಕರೆಸಿ, ಗೌರವಧನ ಕೊಟ್ಟು, ಸದಸ್ಯರು ತಂದ ಹಳೆ ಗಡಿಯಾರಗಳನ್ನು ನೋಡಿಸಿದರೆ ಹೇಗೆ? ಇದು ಏನು, ಇದರ ಯಂತ್ರ ಮೂಲದ್ದೋ ಅಲ್ಲವೋ, ನಡೆಸಬಹುದೋ ಇಲ್ಲವೋ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು. ಮಾರುವವನು ತಿಳಿದು ಮಾರಲಿ, ಇಟ್ಟುಕೊಳ್ಳುವವನು ತಿಳಿದು ಇಟ್ಟುಕೊಳ್ಳಲಿ. ಈ ಕಸುಬು ಬಲ್ಲವರು ನಮ್ಮ ಮೂರು ತಾಲೂಕುಗಳಲ್ಲಿ ಬೆರಳೆಣಿಕೆಯಷ್ಟೇ ನಮ್ಮ ಕಣ್ಣಿಗೆ ಬಿದ್ದಿದ್ದಾರೆ, ಅವರಿಗೂ ವಯಸ್ಸಾಗಿದೆ. ಅವರ ಬಳಿ ಕಲಿಯುವ ಹುಡುಗರಿಲ್ಲ. ಅವರು ಹೋದ ಮೇಲೆ ಲಕ್ಷ ಕೊಟ್ಟು ಕೊಂಡ ಗಡಿಯಾರವೂ ಗೋಡೆಯ ಬೊಂಬೆ.

ನಮ್ಮ ಮನೆಯ ಗಡಿಯಾರಕ್ಕೆ ಆ ರಿಪೇರಿಯವರು ಮತ್ತೆ ಜೀವ ಕೊಟ್ಟಿದ್ದಾರೆ. ಪೆಟ್ಟಿಗೆ ಅಜ್ಜನದ್ದು, ಯಂತ್ರ ಮೊಮ್ಮಗನದ್ದು. ಶನಿವಾರ ಸಂಜೆ ಕೀಲಿ ಕೊಡುವಾಗ ದೊಡ್ಡಜ್ಜನ ನೆನಪು ಬರುತ್ತದೆ, ಸ್ಕೂಟರಿನವನ ನೆನಪೂ ಬರುತ್ತದೆ. ಇನ್ನೂ ಹಳೆಯ ಚಾವಡಿ, ಹಳೆಯ ಗಡಿಯಾರ ಇಟ್ಟುಕೊಂಡಿರುವ ಸದಸ್ಯರಲ್ಲಿ ನಮ್ಮ ಕೋರಿಕೆ ಒಂದೇ. ಈ ಸಲ ಯಾರಾದರೂ ಅಂಗಳಕ್ಕೆ ಬಂದು, ನಡೆಯದ ಗಡಿಯಾರ ನಿಮಗೇಕೆ ಎಂದು ಕೇಳಿದರೆ, ನಡೆಯದ ಗಡಿಯಾರ ನಿಮಗೇಕೆ ಎಂದು ನೀವೂ ಅವರನ್ನು ಕೇಳಿ. ಕುಡಿಯಲು ನೀರು, ಬೆಲ್ಲ ಕೊಟ್ಟು ಕಳುಹಿಸಿ. ಬೆಲೆಯ ಮಾತು ಗಡಿಯಾರವನ್ನು ಬಲ್ಲವರಿಗೆ ತೋರಿಸಿದ ಮೇಲೆ ಆಡಿದರಾಯಿತು.